ಟೋಸ್ಟ್ ಮೇಲೆ ರಿಕೋಟಾ, ಮಾವಿನ ಹಣ್ಣು: ಬ್ರೆಡ್ ತೊಯ್ಯದ ಹಾಗೆ ಮಾಡೋದು ಹೇಗೆ?

ಬ್ರೆಡ್‌ಬುಟ್ಟಿ:
ಮಾವಿನ ಸೀಸನ್ ಮುಗಿಯೋದ್ರೊಳಗೆ ಇದೊಂದು ವಿಷಯ ಸರಿಯಾಗಿ ಚರ್ಚೆಯಾಗಲಿ. ದಪ್ಪ ಬ್ರೆಡ್ ಟೋಸ್ಟ್ ಮಾಡಿ, ಮೇಲೆ ರಿಕೋಟಾ (ಪನೀರಿಗಿಂತ ಮೆತ್ತಗಿರೋ ಹಸಿ ಚೀಸು) ಅಥವಾ ಕ್ರೀಮ್ ಚೀಸ್ ಸವರಿ, ಹಣ್ಣು ಜೋಡಿಸಿ, ಸ್ವಲ್ಪ ಜೇನು ಬಿಟ್ಟು ಬೆಳಗಿನ ತಿಂಡಿಗೆ ಕೊಡ್ತಾರಲ್ಲ, ಅದು. ಕೆಫೆಗಳಲ್ಲಿ ಕೊನೇ ತುತ್ತಿನವರೆಗೂ ಗರಿಗರಿ ಇರುತ್ತೆ. ಮನೇಲಿ ಮಾಡಿದ್ರೆ ಐದು ನಿಮಿಷಕ್ಕೆ ಬ್ರೆಡ್ ತೊಯ್ದು ಮಧ್ಯದಲ್ಲಿ ಬಗ್ಗುತ್ತೆ, ಚೀಸು ಅಂಚಿನಿಂದ ಇಳಿಯುತ್ತೆ. ಅಳತೆ ಇಷ್ಟು: ಒಂದು ಸ್ಲೈಸಿಗೆ 40 ಗ್ರಾಂ ಚೀಸು, 60 ಗ್ರಾಂ ಹಣ್ಣು, 1 ಟೀ ಚಮಚ ಜೇನು. ಯಾವ ಚೀಸು, ಯಾವ ಹಣ್ಣು, ಸಿಹಿಯನ್ನ ಎಲ್ಲಿ ಸೇರಿಸಬೇಕು ಅಂತ ತಿಳಿದವರು ಅಳತೆ ಸಮೇತ ಹೇಳಿ. ಮೊಟ್ಟೆ ತಿನ್ನದವರಿಗೂ ಆಗೋ ಹಾಗಿದ್ರೆ ಒಳ್ಳೇದು.

ಹಾಲುಕೆನೆ:
ನಿಮ್ಮ ಅಳತೆ ಸರಿಯಾಗೇ ಇದೆ. ತೊಂದರೆ ಇರೋದು ಚೀಸಿನಲ್ಲಿರೋ ನೀರಿನಲ್ಲಿ, ಆದ್ರಿಂದ ಅಲ್ಲಿಂದಲೇ ಶುರು ಮಾಡೋಣ.

ರಿಕೋಟಾ ಅಸಲಿಗೆ ಇಟಲಿಯಲ್ಲಿ ಚೀಸು ಮಾಡಿ ಉಳಿದ ನೀರನ್ನ ಮತ್ತೆ ಕಾಯಿಸಿ ತೆಗೆಯೋದು. ಮನೇಲಿ ನಾವು ಇಡೀ ಹಾಲಿನಿಂದಲೇ ಮಾಡ್ತೀವಿ. 6% ಕೊಬ್ಬಿರೋ ಫುಲ್ ಕ್ರೀಮ್ ಹಾಲು 1 ಲೀಟರ್ ತಗೊಳ್ಳಿ. 4.5% ಇರೋ ಸ್ಟ್ಯಾಂಡರ್ಡೈಸ್ಡ್ ಹಾಲಲ್ಲೂ ಆಗುತ್ತೆ, ಸಿಗೋದು ಸ್ವಲ್ಪ ಕಮ್ಮಿ. 3% ಟೋನ್ಡ್ ಹಾಲಲ್ಲಿ ಮಾಡಿದ್ದು ಒಣಗಿದ ಹಾಗಿರುತ್ತೆ, ಬಾಯಲ್ಲಿ ಮರಳು ಮರಳು. ಹಾಲಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ತಳ ಹಿಡಿಯದ ಹಾಗೆ ಕೈಯಾಡಿಸ್ತಾ ಸಣ್ಣ ಉರಿಯಲ್ಲಿ 85ರಿಂದ 90 ಡಿಗ್ರಿಗೆ ತನ್ನಿ. ಥರ್ಮಾಮೀಟರ್ ಇಲ್ಲದಿದ್ರೆ ನೋಡಬೇಕಾದ್ದು ಪಾತ್ರೆಯ ಅಂಚು: ಅಲ್ಲಿ ಸುತ್ತಲೂ ಸಣ್ಣ ಗುಳ್ಳೆ ಎದ್ದಿರಬೇಕು, ಮಧ್ಯದಲ್ಲಿ ಹಾಲು ಇನ್ನೂ ಉಕ್ಕಿರಬಾರದು. ಆಗ ಒಲೆ ಆರಿಸಿ 2 ಟೇಬಲ್ ಚಮಚ ನಿಂಬೆರಸ ಸುತ್ತಲೂ ಬಿಟ್ಟು, ಎರಡೇ ಸಲ ನಿಧಾನಕ್ಕೆ ಕೈಯಾಡಿಸಿ ಸೌಟು ತೆಗೆದುಬಿಡಿ. 10 ನಿಮಿಷ ಮುಟ್ಟಬೇಡಿ.

ಬಹಳ ಜನರಿಗೆ ಕೆಡೋದು ಇಲ್ಲೇ. ಹುಳಿ ಹಾಕಿದ ಮೇಲೂ ಉರಿ ಇಟ್ಟು ಕುದಿಸಿದ್ರೆ, ಗರಗರ ತಿರುವಿದ್ರೆ ಅದು ರಬ್ಬರಿನ ಕಾಳಾಗುತ್ತೆ. ಆಮೇಲೆ ಬಟ್ಟೆಯಲ್ಲಿ ಹಿಂಡಿದ್ರೆ ಪನೀರು. ರಿಕೋಟಾನ ಹಿಂಡಬಾರದು, ಭಾರ ಇಡಬಾರದು. ತೆಳು ಬಟ್ಟೆ ಹಾಕಿದ ಜರಡಿಗೆ ಸುರಿದು ತನ್ನಷ್ಟಕ್ಕೇ ಸೋರೋಕೆ ಬಿಡಿ. ಬರೀ ಚಮಚದಲ್ಲಿ ತಿನ್ನೋಕೆ 15 ನಿಮಿಷ ಸಾಕು, ಟೋಸ್ಟಿಗಾದ್ರೆ 40 ನಿಮಿಷ ಬೇಕು. ಸಿಗೋದು 200ರಿಂದ 250 ಗ್ರಾಂ, ಅಂದ್ರೆ ಐದು ಟೋಸ್ಟಿಗೆ ಸಾಲುತ್ತೆ.

ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇರೋ ಟೆಟ್ರಾ ಪ್ಯಾಕ್ ಹಾಲು ಬೇಡ. ಅದನ್ನ ತುಂಬಾ ಹೆಚ್ಚು ಶಾಖಕ್ಕೆ ಕಾಯಿಸಿರೋದ್ರಿಂದ ಸರಿಯಾಗಿ ಒಡೆಯಲ್ಲ, ನುಚ್ಚು ನುಚ್ಚಾಗಿ ಬಟ್ಟೆಯ ಕಣ್ಣಲ್ಲೇ ಹೋಗುತ್ತೆ.

ಸೋರಿದ ಮೇಲೆ 1 ಟೇಬಲ್ ಚಮಚ ತಾಜಾ ಕ್ರೀಮ್ ಹಾಕಿ ಮಿಕ್ಸಿಯ ಸಣ್ಣ ಜಾರಲ್ಲಿ 20 ಸೆಕೆಂಡ್, ಬದಿ ಕೆರೆದು ಮತ್ತೆ 20 ಸೆಕೆಂಡ್ ತಿರುಗಿಸಿ. ನುಣ್ಣಗೆ, ಹೊಳಪಾಗಿ ಬರುತ್ತೆ. ಚಮಚ ತಲೆಕೆಳಗೆ ಹಿಡಿದ್ರೆ ಬೀಳಬಾರದು, ಅದು ಹದ. ಹಾಲೊಡೆದ ನೀರನ್ನ ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸೋಕೆ ಬಹಳ ಚೆನ್ನಾಗಿರುತ್ತೆ.

ಧಾರವಾಡ_ಫೇಡೆ:
ಹಾಲು ಒಡಿಸೂದು ಇಷ್ಟೆಲ್ಲಾ ಯಾಕ್ರೀ? ನಮ್ಮ ಕಡೆ ಶ್ರೀಖಂಡಕ್ಕ ಕಟ್ಟೋ ಚಕ್ಕಾ ಇದಕ್ಕ ಭಾಳ ಛಲೋ ಆಗ್ತದ. ಬೆಳಗಾವಿ ಕಡೆ ಡೇರಿಯೊಳಗ ತಯಾರ ಚಕ್ಕಾನೂ ಸಿಗ್ತದ. ಮನ್ಯಾಗ ಮಾಡೂದಾದ್ರ 500 ಗ್ರಾಂ ಗಟ್ಟಿ ಮೊಸರು, ಹಳೇ ಮೆತ್ತನ್ನ ಪಂಚೆ ಬಟ್ಟಿ. ಗಂಟು ಕಟ್ಟಿ ಜರಡಿ ಮ್ಯಾಲೆ ಇಟ್ಟು, ಕೆಳಗ ಪಾತೇಲಿ ಇಟ್ಟು, ಫ್ರಿಜ್ಜಿನ್ಯಾಗ 8ರಿಂದ 10 ತಾಸು. ಹೊರಗ ನಳಕ್ಕ ತೂಗು ಹಾಕಬ್ಯಾಡ್ರಿ, ಬ್ಯಾಸಗಿಯೊಳಗ ಹುಳಿ ಏರಿ ಕೆಡ್ತದ. 200 ಗ್ರಾಂ ಆಸುಪಾಸು ಬರ್ತದ.

ಮೊಸರು ಹಿಂದಿನ ರಾತ್ರಿ ಹೆಪ್ಪು ಹಾಕಿದ್ದ ಇರಬೇಕ್ರಿ. ಎರಡ ದಿನದ ಮೊಸರಿಂದ ಕಟ್ಟಿದ್ರ ಎಷ್ಟ ಸಕ್ಕರಿ ಹಾಕಿದ್ರೂ ಹುಳಿ ಮುಂದ ಬರ್ತದ. ಮತ್ತ ಚಕ್ಕಾನ ಮಿಕ್ಸರಿಗೆ ಹಾಕಬಾರದು. ತಿರುಗಿಸಿದ್ರ ಸಡ್ಲ ಆಗಿ ನೀರಾಗ್ತದ. ಜರಡಿ ಮ್ಯಾಲೆ ಹಾಕಿ ಅಂಗೈಲೆ ತಿಕ್ಕಿ ಇಳಿಸಿದ್ರ ಬೆಣ್ಣಿ ಹಂಗ ಬರ್ತದ.

ಮಾವಿಗಂತೂ ಇದಕ್ಕ ಮೀರಿದ್ದಿಲ್ಲ. ಆಮ್ರಖಂಡ ಅಂದ್ರ ಇದ ಜೋಡಿನ ಅಲ್ಲೇನ್ರೀ?

ಹಾಲುಕೆನೆ:
ಮಾವಿಗೆ ಚಕ್ಕಾ ಒಪ್ಪುತ್ತೆ, ಅದನ್ನ ಒಪ್ಪಿಕೊಳ್ತೀನಿ. ಆದ್ರೆ ಅಂಜೂರ, ಚಿಕ್ಕು, ಬಾಳೆ ಥರ ಹುಳಿಯೇ ಇಲ್ಲದ ಹಣ್ಣಿಗೆ ರಿಕೋಟಾದ ಹಾಲಿನ ರುಚಿಯೇ ಬೇಕು. ಮೊಸರಿನ ಹುಳಿ ಚಿಕ್ಕುವಿನ ಪರಿಮಳವನ್ನ ಪೂರ್ತಿ ಮುಚ್ಚಿಬಿಡುತ್ತೆ.

ಒಲೆಮುಂದೆ:
ಚೀಸಿನ ಮಾತಾಯ್ತು, ಬ್ರೆಡ್ಡಿಗೆ ಬರೋಣ. ಅಂಗಡಿಯ ಸ್ಯಾಂಡ್‌ವಿಚ್ ಸ್ಲೈಸು ತೆಳು, 100 ಗ್ರಾಂ ಭಾರ ಹೊರೋ ಶಕ್ತಿ ಅದಕ್ಕಿಲ್ಲ. ಕತ್ತರಿಸದ ಇಡೀ ಬ್ರೆಡ್ ತಂದು ಮನೇಲೇ 2 ಸೆಂ.ಮೀ. ದಪ್ಪಕ್ಕೆ ಕತ್ತರಿಸಿ, ಗರಗಸದ ಅಂಚಿನ ಚಾಕು ಬೇಕು. ಬೆಳಿಗ್ಗೆ ಬಂದ ಬಿಸಿ ಬ್ರೆಡ್ಡಿಗಿಂತ ನಿನ್ನೆಯದ್ದು ಮೇಲು. ತಾಜಾದ್ದು ಒಳಗೆ ತೇವ ಇಟ್ಕೊಂಡಿರುತ್ತೆ, ಕತ್ತರಿಸುವಾಗಲೂ ಅಮುಕಿಹೋಗುತ್ತೆ.

ಟೋಸ್ಟ್ ಮಾಡೋದು ಅಂದ್ರೆ ಬಣ್ಣ ಬರಿಸೋದಷ್ಟೇ ಅಲ್ಲ, ಮೇಲಿನ ಪದರವನ್ನ ಒಣಗಿಸೋದು. ಜೋರು ಉರಿಯಲ್ಲಿ ಒಂದೇ ನಿಮಿಷಕ್ಕೆ ಕೆಂಪಗಾದ ಬ್ರೆಡ್ ಒಳಗೆ ಹಸಿಯಾಗೇ ಇರುತ್ತೆ. ಆ ತೇವ ಹೊರಗೆ ಬಂದು ಹೊರಪದರವನ್ನೂ ಮೆತ್ತಗೆ ಮಾಡುತ್ತೆ. ತವಾ ಮಧ್ಯಮಕ್ಕಿಂತ ಸ್ವಲ್ಪ ಕಮ್ಮಿ ಉರಿಯಲ್ಲಿ ಕಾಯಲಿ, ಒಂದೊಂದು ಬದಿಗೆ 3 ನಿಮಿಷ. ಮೇಲೆ ಒತ್ತಬೇಡಿ. ಓವನ್ ಆದ್ರೆ 180 ಡಿಗ್ರಿಯಲ್ಲಿ ತಟ್ಟೆ ಮೇಲಲ್ಲ, ಸರಳಿನ ಜಾಲರಿ ಮೇಲೇ ಇಟ್ಟು 8 ನಿಮಿಷ, ನಡುವೆ ಒಮ್ಮೆ ತಿರುಗಿಸಿ. ಆಮೇಲೆ ಮುಖ್ಯವಾದ ಕೆಲಸ: ಟೋಸ್ಟನ್ನ ತಟ್ಟೆಗೆ ಹಾಕಬೇಡಿ. ಜಾಲರಿ ಮೇಲೆ ಇಡಿ, ಇಲ್ಲಾಂದ್ರೆ ಎರಡು ಸ್ಲೈಸನ್ನ ಒಂದಕ್ಕೊಂದು ಒರಗಿಸಿ ನಿಲ್ಲಿಸಿ. 2 ನಿಮಿಷ ಹಬೆ ಹೋಗಬೇಕು. ಬಿಸಿ ಟೋಸ್ಟನ್ನ ತಟ್ಟೆ ಮೇಲೆ ಮಲಗಿಸಿದ್ರೆ ಅದರ ಹಬೆಯೇ ಅದರ ತಳವನ್ನ ತೊಯಿಸುತ್ತೆ, ಚೀಸು ಹಾಕೋಕೆ ಮುಂಚೆಯೇ. ಬಿಸಿ ಇರುವಾಗಲೇ ಚೀಸು ಸವರಿದ್ರೆ ಅದೂ ಕರಗಿ ನೀರು ಬಿಡುತ್ತೆ.

ಇನ್ನೊಂದು, ತುಪ್ಪ. ಟೇಬಲ್ ಬಟರ್‌ನಲ್ಲಿ ಕೊಬ್ಬು 80%, ಉಳಿದದ್ದರಲ್ಲಿ ಹೆಚ್ಚಿನ ಪಾಲು ನೀರು. ತುಪ್ಪದಲ್ಲಿ ನೀರಿಲ್ಲ. ಚೀಸು ಸವರೋ ಬದಿಗೆ ಅರ್ಧ ಟೀ ಚಮಚ ತುಪ್ಪ ಹಚ್ಚಿ ಆ ಬದಿಯನ್ನ ಕೊನೆಗೆ ಬೇಯಿಸಿ. ಆ ಪದರ ಹಣ್ಣಿನ ರಸವನ್ನ ಒಳಗೆ ಬಿಡಲ್ಲ. ಒಗ್ಗರಣೆಗೂ ಪಲ್ಯಕ್ಕೂ ಬಳಸೋ ಕಬ್ಬಿಣದ ಕಾವಲಿ ಬೇಡ, ಈರುಳ್ಳಿ ವಾಸನೆ ಬ್ರೆಡ್ಡಿಗೆ ತಕ್ಷಣ ಹತ್ತುತ್ತೆ.

ಬ್ರೆಡ್‌ಬುಟ್ಟಿ:
ತುಪ್ಪದ ಪದರ ಹೊಸ ವಿಷಯ, ಧನ್ಯವಾದ. ಅಯ್ಯಂಗಾರ್ ಬೇಕರಿಯ ಸಿಹಿ ಬ್ರೆಡ್ ನಡೆಯುತ್ತಾ? ಅದಕ್ಕೆ ಮೊಟ್ಟೆ ಹಾಕಿರಲ್ಲ, ಇಡೀದೂ ಸಿಗುತ್ತೆ.

ಒಲೆಮುಂದೆ:
ನಡೆಯುತ್ತೆ. ಸಕ್ಕರೆ ಇರೋದ್ರಿಂದ ಬೇಗ ಕಪ್ಪಾಗುತ್ತೆ, ಉರಿ ಇನ್ನೂ ಸಣ್ಣಗಿಟ್ಟು ಸಮಯ ಹೆಚ್ಚು ಕೊಡಿ. ಬ್ರೆಡ್ಡೇ ಸಿಹಿ ಇದ್ದಾಗ ಚೀಸಿಗೆ ಸಿಹಿ ಹಾಕಬೇಡಿ. ಬನ್ ಮಾತ್ರ ಬೇಡ, ಅದರ ಒಳಭಾಗ ಸಡಿಲ.

ಎಲೆಮಾವು:
ಎಲ್ಲ ಮಾವೂ ಟೋಸ್ಟಿಗೆ ಆಗಲ್ಲ, ಇದನ್ನ ಯಾರೂ ಹೇಳ್ತಿಲ್ಲ. ಹೋಳು ಜೋಡಿಸೋಕೆ ನಾರಿಲ್ಲದ, ಗಟ್ಟಿ ತಿರುಳಿನ ಹಣ್ಣು ಬೇಕು. ಮಲ್ಲಿಕಾ ಎಲ್ಲಕ್ಕಿಂತ ಮೇಲು, ಆಮೇಲೆ ಬಾದಾಮಿ, ಬಂಗನಪಲ್ಲಿ. ಬಾದಾಮಿಯನ್ನ ಪೂರ್ತಿ ಮೆತ್ತಗಾಗೋ ತನಕ ಕಾಯಬೇಡಿ. ತೊಟ್ಟಿನ ಹತ್ತಿರ ಹೆಬ್ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ತಗ್ಗಬೇಕು, ಹೊಟ್ಟೆ ಭಾಗ ಇನ್ನೂ ಬಿಗಿ ಇರಬೇಕು. ಸಿಪ್ಪೆ ತೆಗೆದು ಗೊರಟೆಯ ಎರಡೂ ಬದಿಯ ಕೆನ್ನೆ ಕತ್ತರಿಸಿ, ಅರ್ಧ ಸೆಂ.ಮೀ. ದಪ್ಪದ ಹೋಳು ಮಾಡಿ, ಹೋಳಿನ ಮೇಲೆ ಹೋಳು ಅರ್ಧ ಬರೋ ಹಾಗೆ ಜೋಡಿಸಿ. ಸಣ್ಣ ಚೌಕ ಮಾಡಿದ್ರೆ ಕತ್ತರಿಸಿದ ಮುಖಗಳು ಜಾಸ್ತಿ, ಸೋರೋ ರಸವೂ ಜಾಸ್ತಿ, ಕಚ್ಚಿದ ಕೂಡಲೇ ಉದುರುತ್ತೆ ಬೇರೆ.

ರಸಪುರಿಯನ್ನ ಹೋಳು ಮಾಡೋಕೆ ಹೋಗಬೇಡಿ. ಅದರ ರುಚಿಯೆಲ್ಲ ರಸದಲ್ಲಿ. 200 ಗ್ರಾಂ ರಸ ಹಿಂಡಿ, ಸೋಸಿ, ಅಗಲ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟು 120 ಗ್ರಾಂ ಆಗೋ ತನಕ ಇಂಗಿಸಿ. ಸಕ್ಕರೆ ಬೇಕಿಲ್ಲ. ಅದಕ್ಕಿಂತ ಜಾಸ್ತಿ ಇಂಗಿಸಿದ್ರೆ ತಾಜಾ ಪರಿಮಳ ಹೋಗಿ ಬರೀ ಬೆಂದ ವಾಸನೆ ಬರುತ್ತೆ. ಪೂರ್ತಿ ತಣ್ಣಗಾದ ಮೇಲೆ ಚೀಸಿನ ಮೇಲೆ ಚಮಚದ ಬೆನ್ನಲ್ಲಿ ಹರಡಿ. ತೋತಾಪುರಿ ಹುಳಿ-ಸಿಹಿ ಇರುತ್ತೆ, ಜೇನು ಜಾಸ್ತಿ ಇಷ್ಟಪಡೋರಿಗೆ ಒಗ್ಗುತ್ತೆ, ಜೊತೆಗೆ ಚಿಟಿಕೆ ಮೆಣಸಿನ ಪುಡಿ. ಕರಿಮೆಣಸು, ಖಾರದ ಪುಡಿ ಅಲ್ಲ.

ಕಡಲಬದಿ:
ಮಾರಾಯ್ರೆ, ಅನಾನಸ್ ವಿಷಯ ಯಾರಾದ್ರೂ ಹೇಳಿ ಅಂತ ಕಾಯ್ತಾ ಇದ್ದೆ. ಹಸಿ ಅನಾನಸನ್ನು ಚೀಸಿನ ಮೇಲೆ ಇಡ್ಲೇಬೇಡಿ. ಅದರಲ್ಲಿ ಬ್ರೊಮೆಲೈನ್ ಅಂತ ಒಂದು ಕಿಣ್ವ ಉಂಟು, ಹಾಲಿನ ಪ್ರೋಟೀನನ್ನು ತುಂಡು ತುಂಡು ಮಾಡ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಚೀಸು ನೀರಾಗ್ಲಿಕ್ಕೆ ಶುರು, ಮತ್ತೆ ಕಹಿ. ಜನ ಹಾಲು ಹಾಳಾಗಿದೆ ಅಂತ ತಿಳ್ಕೊಳ್ತಾರೆ, ಹಾಲಿನದ್ದೇನೂ ತಪ್ಪಿಲ್ಲ. ಪಪ್ಪಾಯಿ, ಕಿವಿ ಹಣ್ಣಿಗೂ ಇದೇ ಕಥೆ.

ಪರಿಹಾರ ಸುಲಭ, ಬಿಸಿ ತಾಗಿಸಿದ್ರೆ ಕಿಣ್ವ ಸಾಯ್ತದೆ. ಅನಾನಸನ್ನು 1 ಸೆಂ.ಮೀ. ಬಿಲ್ಲೆ ಮಾಡಿ, ಮಧ್ಯದ ದಿಂಡು ತೆಗ್ದು, ತವಾದಲ್ಲಿ ಒಂದು ಟೀ ಚಮಚ ಬೆಲ್ಲದ ಪುಡಿ ಉದುರಿಸಿ ಎರಡೂ ಬದಿ 3-3 ನಿಮಿಷ ಸುಡಿ. ಮೇಲೆ ಮಾತ್ರ ಕೆಂಪಾದ್ರೆ ಸಾಲದು, ಒಳಗಿನವರೆಗೆ ಬಿಸಿ ಆಗ್ಬೇಕು. ಡಬ್ಬಿಯ ಅನಾನಸ್ ಮೊದಲೇ ಬೆಂದಿರ್ತದೆ, ಅದಕ್ಕೆ ತೊಂದರೆ ಇಲ್ಲ. ಪಪ್ಪಾಯಿ ಬೇಯಿಸಿದ್ರೆ ರುಚಿ ಇಲ್ಲ, ಹಾಗಾಗಿ ಅದನ್ನು ಇಟ್ಟ ಕೂಡಲೇ ತಿನ್ಬೇಕು, ಇಲ್ಲದಿದ್ರೆ ಬಿಡ್ಬೇಕು. ಅಂಜೂರದ ಹಾಲಿನಲ್ಲೂ ಇಂಥದ್ದೇ ಕಿಣ್ವ ಉಂಟು, ಆದ್ರೆ ಚೆನ್ನಾಗಿ ಹಣ್ಣಾದದ್ದರಲ್ಲಿ ಕಮ್ಮಿ. ತೊಟ್ಟಿನ ಹತ್ತಿರ ಬಿಳಿ ಹಾಲು ಕಂಡ್ರೆ ಆ ಭಾಗ ಕತ್ತರಿಸಿ ಬಿಸಾಡಿ.

ಹಲಸು ಹಾಕುವವರು ಬಕ್ಕೆಯ, ಅಂದ್ರೆ ಗಟ್ಟಿ ಜಾತಿಯ ಹಲಸಿನ ತೊಳೆಯೇ ತಗೊಳ್ಳಿ, ಉದ್ದಕ್ಕೆ ಎಳೆ ಎಳೆಯಾಗಿ ಸೀಳಿ. ಅದಕ್ಕೆ ತುಪ್ಪದ ಟೋಸ್ಟು, ರಿಕೋಟಾ, ಚಿಟಿಕೆ ಏಲಕ್ಕಿ. ಮತ್ತೇನೂ ಬೇಡ.

ಧಾರವಾಡ_ಫೇಡೆ:
ಕಹಿ ಯಾಕ ಆಗ್ತದ ಅಂತ ಈಗ ಗೊತ್ತಾತ್ರಿ. ಹಣ್ಣಿನ ಶ್ರೀಖಂಡದಾಗೂ ಹಸಿ ಅನಾನಸ್ ಹಾಕಿದ್ರ ಹಿಂಗ ಆಗ್ತದ.

ಜೆರ್ಸಿ_ಅಡುಗೆ:
ಅಮೆರಿಕದಲ್ಲಿರೋರಿಗೆ ಎರಡು ಮಾತು. ಅಂಗಡಿಯ ಡಬ್ಬಿ ರಿಕೋಟಾ ನೀರು ನೀರು. ಹೋಲ್ ಮಿಲ್ಕ್ ಅಂತ ಬರೆದಿರೋದನ್ನೇ ತಗೊಂಡು, ಜರಡಿಗೆ ಪೇಪರ್ ಟವಲ್ ಹಾಸಿ ಅರ್ಧ ಗಂಟೆ ಸೋರೋಕೆ ಬಿಟ್ಟು ಆಮೇಲೆ ಫುಡ್ ಪ್ರೊಸೆಸರ್‌ನಲ್ಲಿ ನುಣ್ಣಗೆ ಮಾಡಿ. ಮಾವಿಗೆ ಮೆಕ್ಸಿಕೋದಿಂದ ಬರೋ ಹಳದಿ ಅತಾವುಲ್ಫೋ ಒಳ್ಳೇದು, ನಾರು ಬಹಳ ಕಮ್ಮಿ. ಕೆಂಪು-ಹಸಿರು ದೊಡ್ಡ ಹಣ್ಣಿನಲ್ಲಿ ನಾರು ಜಾಸ್ತಿ.

ಕ್ರೀಮ್ ಚೀಸ್ ಬಳಸೋರು ಇಟ್ಟಿಗೆ ಆಕಾರದಲ್ಲಿ ಬರೋ 227 ಗ್ರಾಂ ಗಟ್ಟಿ ಚೀಸು ತಗೊಳ್ಳಿ. ಡಬ್ಬಿಯದ್ದು ಸವರೋಕೆ ಸುಲಭ ಆಗಲಿ ಅಂತಲೇ ಮೆದುವಾಗಿ ಮಾಡಿರ್ತಾರೆ, ಜೇನು ಸೇರಿಸಿದ ಕೂಡಲೇ ಸಡಿಲ ಆಗುತ್ತೆ. ಇಟ್ಟಿಗೆಯನ್ನ ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು, ಮೊದಲು ಬರೀ ಚೀಸನ್ನ ಮರದ ಚಮಚದಲ್ಲಿ ಗಂಟಿಲ್ಲದ ಹಾಗೆ ಉಜ್ಜಿ, ಆಮೇಲೆ ಉಳಿದದ್ದು ಸೇರಿಸಿ. ತಣ್ಣಗಿರೋ ಚೀಸಿಗೆ ಜೇನೋ ಹಾಲೋ ಹಾಕಿದ್ರೆ ಗಂಟುಗಳು ಹಾಗೇ ಉಳಿಯುತ್ತೆ, ಎಷ್ಟು ಕಲಸಿದ್ರೂ ಹೋಗಲ್ಲ. 100 ಗ್ರಾಂ ಚೀಸಿಗೆ 2 ಟೀ ಚಮಚ ಜೇನು, ಚಿಟಿಕೆ ಉಪ್ಪು, ಅರ್ಧ ನಿಂಬೆಯ ಸಿಪ್ಪೆ ತುರಿ. ಹಸಿರು ಭಾಗ ಮಾತ್ರ, ಬಿಳಿ ತಾಗಿದ್ರೆ ಕಹಿ. ನಿಂಬೆರಸ ಬೇಡ.

ಭಾರತದಲ್ಲಿರೋರು ಗಮನಿಸಿ: ಚೀಸ್ ಸ್ಪ್ರೆಡ್ ಅಂತ ಡಬ್ಬಿಯಲ್ಲಿ ಸಿಗೋದು ಕ್ರೀಮ್ ಚೀಸ್ ಅಲ್ಲ. ಅದು ಸಂಸ್ಕರಿಸಿದ ಚೀಸು, ಉಪ್ಪು ಜಾಸ್ತಿ. ಹಣ್ಣಿನ ಜೊತೆ ಸೇರಲ್ಲ.

ಎಲೆಮಾವು:
ಜೇನನ್ನ ಚೀಸಿಗೆ ಕಲಸೋದು ನನಗೆ ಒಪ್ಪಿಗೆ ಇಲ್ಲ. ಹಣ್ಣಿನ ಸಿಹಿ ದಿನಕ್ಕೊಂದು ಥರ. ಚೀಸು ಸಪ್ಪೆ ಇದ್ರೆ ಹಣ್ಣು ತಿಂದು ನೋಡಿ ಮೇಲಿಂದ ಎಷ್ಟು ಬೇಕೋ ಅಷ್ಟು ಜೇನು ಬಿಡಬಹುದು. ಹಣ್ಣಿನ ಮೇಲೆ ಸಕ್ಕರೆ ಉದುರಿಸೋದಂತೂ ಬೇಡವೇ ಬೇಡ, ಐದು ನಿಮಿಷದಲ್ಲಿ ರಸ ಎಳೆದು ಹೊರಗೆ ಹಾಕುತ್ತೆ.

ಜೆರ್ಸಿ_ಅಡುಗೆ:
ರಿಕೋಟಾಗೆ ನೀವು ಹೇಳಿದ್ದು ಸರಿ. ಕ್ರೀಮ್ ಚೀಸಿಗೆ ಅದರದ್ದೇ ಹುಳಿ, ಉಪ್ಪು ಇದೆ, ಸಿಹಿ ಒಳಗೇ ಇಲ್ಲದಿದ್ರೆ ಹಣ್ಣು ಒಂದು ಕಡೆ, ಚೀಸು ಒಂದು ಕಡೆ ಅನ್ನಿಸುತ್ತೆ.

ಸಕ್ಕರೆ ರಸ ಎಳೆಯುತ್ತೆ ಅನ್ನೋದನ್ನ ನಮಗೆ ಬೇಕಾದ ಹಾಗೆ ಬಳಸಿಕೊಳ್ಳಬಹುದು. ಸ್ಟ್ರಾಬೆರಿಗೆ ಹಾಗೇ ಮಾಡೋದು: 250 ಗ್ರಾಂ ಹಣ್ಣು ತೊಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ತೊಟ್ಟು ತೆಗೆದು ಹೋಳು ಮಾಡಿ. ತೊಟ್ಟು ತೆಗೆದು ತೊಳೆದ್ರೆ ಒಳಗೆ ನೀರು ಕುಡಿಯುತ್ತೆ. 1 ಟೇಬಲ್ ಚಮಚ ಸಕ್ಕರೆ, 1 ಟೀ ಚಮಚ ನಿಂಬೆರಸ ಹಾಕಿ 15 ನಿಮಿಷ ಬಿಟ್ಟು ಜರಡಿಯಲ್ಲಿ ಸೋಸಿ. ಹಣ್ಣು ಟೋಸ್ಟಿಗೆ. ಕೆಳಗೆ ಬಿದ್ದ ಕೆಂಪು ರಸವನ್ನ ಅರ್ಧ ಆಗೋ ತನಕ ಕುದಿಸಿ ತಣ್ಣಗೆ ಮಾಡಿದ್ರೆ ಜೇನಿನ ಬದಲು ಅದನ್ನೇ ಬಿಡಬಹುದು.

ಒಲೆಮುಂದೆ:
ಉಳಿದ ಹಣ್ಣುಗಳ ಬಗ್ಗೆ ಚುಟುಕಾಗಿ. ಏಲಕ್ಕಿ ಬಾಳೆಯನ್ನ ಉದ್ದಕ್ಕೆ ಸೀಳಿ, 1 ಟೀ ಚಮಚ ತುಪ್ಪ, 1 ಟೀ ಚಮಚ ಬೆಲ್ಲದ ಪುಡಿಯಲ್ಲಿ ಸೀಳಿದ ಬದಿ ಕೆಳಗೆ ಮಾಡಿ ಒಂದೇ ನಿಮಿಷ ಇಡಿ, ಜಾಸ್ತಿ ಆದ್ರೆ ಮುದ್ದೆಯಾಗುತ್ತೆ. ನೇಂದ್ರ ಬಾಳೆ ಶಾಖ ತಡೆಯುತ್ತೆ, ಅದಕ್ಕೆ 3 ನಿಮಿಷ ಬೇಕು. ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿ ಬೀಜ ಇದೆ, ಸಿಪ್ಪೆ ದಪ್ಪ, ಹಸಿ ಹಾಕಬೇಡಿ. 300 ಗ್ರಾಂ ಹಣ್ಣನ್ನ ಸಿಪ್ಪೆ ಬಿರಿಯೋ ತನಕ ಬೇಯಿಸಿ, ಜರಡಿಯಲ್ಲಿ ತಿಕ್ಕಿ ಸೋಸಿ, 2 ಟೇಬಲ್ ಚಮಚ ಸಕ್ಕರೆ ಹಾಕಿ ಮತ್ತೆ ಗಟ್ಟಿ ಮಾಡಿ. ಅದರ ಬಣ್ಣ, ಹುಳಿ ರಿಕೋಟಾದ ಮೇಲೆ ಬಹಳ ಚೆಂದ. ಸೀಬೆ ಬೇಯಿಸದೆ ಗಟ್ಟಿ, ಕಲ್ಲಂಗಡಿ ಬರೀ ನೀರು, ಎರಡನ್ನೂ ಬಿಡಿ.

ಬ್ರೆಡ್‌ಬುಟ್ಟಿ:
ಮೊಸರು ಕಸ್ಟರ್ಡ್ ಟೋಸ್ಟ್ ಅಂತ ಬ್ರೆಡ್ ಮಧ್ಯೆ ಗುಳಿ ಮಾಡಿ ಓವನ್‌ನಲ್ಲಿ ಬೇಯಿಸ್ತಾರಲ್ಲ, ಅದನ್ನ ಮೊಟ್ಟೆ ಇಲ್ಲದೆ ಮಾಡಬಹುದಾ?

ಹಾಲುಕೆನೆ:
ಖಂಡಿತ. ಮೊಟ್ಟೆಯದ್ದಾದ್ರೆ ಎರಡು ಸ್ಲೈಸಿಗೆ 1 ಮೊಟ್ಟೆ, 2 ಟೇಬಲ್ ಚಮಚ ಗಟ್ಟಿ ಮೊಸರು, 1 ಟೇಬಲ್ ಚಮಚ ಜೇನು. ಮೊಟ್ಟೆ ಬೇಡದವರಿಗೆ ಧಾರವಾಡದವರು ಹೇಳಿದ ಚಕ್ಕಾ ಇಲ್ಲಿ ಸರಿಯಾಗಿ ಕೂರುತ್ತೆ: ಒಂದು ಸ್ಲೈಸಿಗೆ 2 ಟೇಬಲ್ ಚಮಚ ಚಕ್ಕಾ, 1 ಟೇಬಲ್ ಚಮಚ ಕಂಡೆನ್ಸ್ಡ್ ಹಾಲು, ಅರ್ಧ ಟೀ ಚಮಚ ಜೋಳದ ಪಿಷ್ಟ, ಅಂದ್ರೆ ಕಾರ್ನ್‌ಫ್ಲೋರ್. ಸುತ್ತ 1 ಸೆಂ.ಮೀ. ಅಂಚು ಬಿಟ್ಟು ಮಧ್ಯವನ್ನ ಚಮಚದ ಬೆನ್ನಲ್ಲಿ ಒತ್ತಿ, ಬ್ರೆಡ್ ಹರಿಯಬಾರದು, ಹರಿದ್ರೆ ಕೆಳಗಿಂದ ಸೋರುತ್ತೆ. ಮಿಶ್ರಣ ತುಂಬಿ, ಮೊದಲೇ ಕಾಯಿಸಿದ 180 ಡಿಗ್ರಿ ಓವನ್‌ನಲ್ಲಿ 10ರಿಂದ 12 ನಿಮಿಷ. ತಟ್ಟೆ ಅಲುಗಿಸಿದ್ರೆ ಮಧ್ಯ ಸ್ವಲ್ಪ ನಡುಗಬೇಕು, ಆಗಲೇ ತೆಗೆಯಿರಿ, ತಣ್ಣಗಾಗ್ತಾ ಬಿಗಿಯಾಗುತ್ತೆ. ಗುಳ್ಳೆ ಏಳೋ ತನಕ ಬಿಟ್ರೆ ಮೊಸರು ಒಡೆದು ನೀರು ನಿಲ್ಲುತ್ತೆ. ದ್ರಾಕ್ಷಿ, ಬ್ಲೂಬೆರಿಯನ್ನ ಒಳಗಿಡೋ ಮುಂಚೆಯೇ ಇಡಬಹುದು. ಮಾವನ್ನ ಹೊರಗೆ ತೆಗೆದ ಮೇಲೇ ಇಡಿ.

ಕಡಲಬದಿ:
ಮಕ್ಕಳ ಡಬ್ಬಿಗೆ ಹಾಕುವುದಾದ್ರೆ ಕಟ್ಟಿ ಕಳಿಸ್ಬೇಡಿ. ಟೋಸ್ಟು ಬೇರೆ, ಚೀಸು-ಹಣ್ಣು ಬೇರೆ. ನಮ್ಮ ಕಡೆಯ ಸೆಕೆಗೆ ಇಂಥ ಹಸಿ ಚೀಸನ್ನು ಹೊರಗೆ ಒಂದು ಗಂಟೆಗಿಂತ ಹೆಚ್ಚು ಇಡ್ಲಿಕ್ಕೆ ಆಗುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡ್ಲೇಬಾರದು, ಟೋಸ್ಟಿನ ಮೇಲಿನದ್ದೂ ಸೇರಿ.

ಬ್ರೆಡ್‌ಬುಟ್ಟಿ:
ಕೊನೆಯದೊಂದು. ವಾರಕ್ಕೊಮ್ಮೆ ಮಾಡಿ ಫ್ರೀಜರ್‌ನಲ್ಲಿ ಇಟ್ಕೋಬಹುದಾ?

ಹಾಲುಕೆನೆ:
ರಿಕೋಟಾ ಫ್ರಿಜ್‌ನಲ್ಲಿ ಮುಚ್ಚಿಟ್ರೆ 3 ದಿನ. ಫ್ರೀಜರ್ ಬೇಡ, ಕರಗಿದಾಗ ನೀರು ಒಂದು ಕಡೆ, ನುಚ್ಚು ಒಂದು ಕಡೆ. ಎರಡನೇ ದಿನ ಡಬ್ಬಿಯ ಅಂಚಲ್ಲಿ ನಿಂತ ನೀರನ್ನ ಕಲಸದೆ ಬಗ್ಗಿಸಿ ಚೆಲ್ಲಿ.

ಒಲೆಮುಂದೆ:
ಫ್ರೀಜರ್‌ಗೆ ಹಾಕಬೇಕಾದ್ದು ಬ್ರೆಡ್. 2 ಸೆಂ.ಮೀ. ಸ್ಲೈಸು ಮಾಡಿ, ನಡುನಡುವೆ ಬೆಣ್ಣೆ ಕಾಗದ ಇಟ್ಟು, ಗಾಳಿ ತೆಗೆದ ಕವರಿನಲ್ಲಿ ಇಡಿ. ಬೆಳಿಗ್ಗೆ ಕರಗಿಸೋಕೆ ಹೋಗಬೇಡಿ, ಕರಗಿದ್ರೆ ಮೇಲೆಲ್ಲ ತೇವ. ಹಾಗೇ ಗಟ್ಟಿಯಾಗಿರೋದನ್ನ ಸಣ್ಣ ಉರಿಯ ತವಾ ಮೇಲೆ ಮುಚ್ಚಳ ಮುಚ್ಚದೆ ಒಂದೊಂದು ಬದಿ 4 ನಿಮಿಷ ಇಡಿ, ಕೊನೇ ಒಂದು ನಿಮಿಷಕ್ಕೆ ತುಪ್ಪ.